ಹನ್ನೊಂದು ಸಲ ಸಾರಿಸಿದ ಅಂಗಳ

ನನ್ನ ಡೈರಿಯಲ್ಲಿ ತಪ್ಪಿರುವುದಿಲ್ಲ. ಜಂಬಕ್ಕೆ ಹೇಳುವ ಮಾತಲ್ಲ ಇದು. ಪ್ರತಿ ವರ್ಷ ಜನವರಿ ಒಂದರಂದು ಹೊಸ ಡೈರಿಯ ಮೊದಲ ಪುಟದಲ್ಲಿ 'ಇದರಲ್ಲಿರುವುದೆಲ್ಲ ಕಣ್ಣಾರೆ ಕಂಡು, ಎಣಿಸಿ ಬರೆದದ್ದು' ಎಂದು ಬರೆದು, ತಾರೀಖು ಹಾಕಿ ಸಹಿ ಮಾಡುತ್ತೇನೆ. ಅಜ್ಜಂಪುರದ ವಾಚನಾಲಯ ನೋಡಿಕೊಳ್ಳುವುದು ನನ್ನ ಕೆಲಸ. ದಿನಕ್ಕೆ ಎಷ್ಟು ಜನ ಬಂದರು, ಎಷ್ಟು ಜನ ಓದಿದರು, ಎಷ್ಟು ಜನ ಪತ್ರಿಕೆಯನ್ನು ಮುಖದ ಮೇಲೆ ಹೊದ್ದುಕೊಂಡು ಮಲಗಿದರು ಎಂಬುದಕ್ಕೆಲ್ಲ ನನ್ನಲ್ಲಿ ಬೇರೆ ಬೇರೆ ಕಾಲಮ್ಮುಗಳಿವೆ. ವಯಸ್ಸು ಇಪ್ಪತ್ತಾರು. ಮದುವೆಯಾಗಿ ಒಂದು ವರ್ಷ ಏಳು ತಿಂಗಳು.

ಇಂಥವನಿಗೆ ಒಂದೇ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯ ಏರ್ಪಡಿಸುವುದು ದೊಡ್ಡ ಮಾತೇ?

ಮೊದಲು ತಂಡದ ವಿಷಯ ಹೇಳಿಬಿಡುತ್ತೇನೆ. ತರೀಕೆರೆಯ ಆಚೆ ಒಂದು ಕಾರ್ಖಾನೆ ಇದೆ. ಅದರ ಹೆಸರು ಬರೆದರೆ ಅವರಿಗೂ ಮುಜುಗರ, ನನಗೂ ಮುಜುಗರ. ಆ ಕಾರ್ಖಾನೆಗೆ ಒಂದು ಬ್ಯಾಸ್ಕೆಟ್‌ಬಾಲ್ ತಂಡವಿತ್ತು. ಆಟಗಾರರು ಹೆಸರಿಗೆ ಫಿಟ್ಟರುಗಳು, ಸ್ಟೋರ್ ಗುಮಾಸ್ತರು. ಆದರೆ ಅವರ ಕೈಗೆ ಗ್ರೀಸ್ ಮೆತ್ತಿದ್ದನ್ನು ಕಂಡವರಿಲ್ಲ. ಆಡುವುದೇ ಅವರ ಕೆಲಸ, ಅದಕ್ಕೇ ಸಂಬಳ. ಚಳಿಗಾಲ ಬಂತೆಂದರೆ ಊರಿಂದೂರಿಗೆ ಹೋಗಿ ಆಡುತ್ತಿದ್ದರು. ಸೋಲುತ್ತಿದ್ದರು. ಹಿಂದಿನ ವರ್ಷ ಆಡಿದ್ದು ಹದಿಮೂರು, ಗೆದ್ದದ್ದು ಎರಡು. ಆದರೂ ದೀಪಾವಳಿ ಕಳೆದ ಕೂಡಲೇ ನಮ್ಮ ವಾಚನಾಲಯದ ಬೆಂಚಿನ ಮೇಲೆ ಈ ಸಲ ತಂಡ ಹೇಗಿರುತ್ತದೆ ಎಂಬ ಚರ್ಚೆ ಶುರುವಾಗುತ್ತಿತ್ತು. ಅಭಿಮಾನ ಇಟ್ಟುಕೊಳ್ಳಲು ನಮಗೆ ಬೇರೆ ಯಾವ ತಂಡ ಹತ್ತಿರವಿತ್ತು ಹೇಳಿ.

ಎಪ್ಪತ್ತೊಂಬತ್ತರಲ್ಲಿ ಆ ಚರ್ಚೆಗೆ ವಿಶೇಷ ಕಾವು ಬಂತು. ತಂಡದ ಅತಿ ಎತ್ತರದ ಆಟಗಾರ ಬೇರೆ ಊರಿನ ಕಾರ್ಖಾನೆ ಸೇರಿಕೊಂಡಿದ್ದ. ಜಾಗ ಖಾಲಿ ಇತ್ತು. ನಮ್ಮ ಮನೆಯಲ್ಲಿ ಆರಡಿ ಎರಡಿಂಚಿನ ಬಸವರಾಜನಿದ್ದ.

ಬಸವರಾಜ ನನ್ನ ಹೆಂಡತಿ ಗಿರಿಜಳ ತಮ್ಮ. ಆ ಆರಡಿ ಎರಡಿಂಚು ನಾನೇ ಗೋಡೆಗೆ ನಿಲ್ಲಿಸಿ, ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ಅಳೆದದ್ದು. ಕಡೂರಿನಲ್ಲಿ ಪಿಯುಸಿ ಓದುವಾಗ ಈ ಆಟ ಕಲಿತ. ಆಟ ಬಂತು, ಪಿಯುಸಿ ಬರಲಿಲ್ಲ. ಅವನ ಅಪ್ಪ, ಅಂದರೆ ನನ್ನ ಮಾವ ಸಿದ್ರಾಮಪ್ಪ, ಯಗಟಿಯಲ್ಲಿ ಕುರಿ, ರಾಗಿ ಹೊಲ, ಒಂದಿಷ್ಟು ತೆಂಗು ಇಟ್ಟುಕೊಂಡಿದ್ದವರು. ಮಗ ಕುರಿಯ ಹಿಂದೆ ಹೋಗುವುದು ಬೇಡವೆಂದು ನಮ್ಮ ಮನೆಗೆ ಕಳಿಸಿದ್ದರು. ಕಾರ್ಖಾನೆಯ ನಿಯಮ ಏನೆಂದರೆ, ಇಪ್ಪತ್ತೆರಡು ತುಂಬಿದವರನ್ನು ಹೊಸದಾಗಿ ತಂಡಕ್ಕೆ ತೆಗೆದುಕೊಳ್ಳುವುದಿಲ್ಲ. ಬಸವರಾಜನಿಗೆ ಮಾರ್ಚಿಗೆ ಇಪ್ಪತ್ತೆರಡು ತುಂಬುತ್ತಿತ್ತು. ಈ ಸೀಸನ್ ತಪ್ಪಿದರೆ ಅವನಿಗೆ ಇನ್ನೊಂದು ಸೀಸನ್ ಇರಲಿಲ್ಲ.

ನಾನು ಕಾರ್ಖಾನೆ ತಂಡದ ಮ್ಯಾನೇಜರಿಗೆ ಪತ್ರ ಬರೆದೆ. ತಾವು ಈ ವರ್ಷದ ಆಟವನ್ನು ಅಜ್ಜಂಪುರದಿಂದಲೇ ಆರಂಭಿಸಬೇಕು, ನಮ್ಮ ಊರಿನ ಐವರ ಜೊತೆ ಒಂದು ಪ್ರದರ್ಶನ ಪಂದ್ಯ ಆಡಬೇಕು, ಆ ಐವರಲ್ಲಿ ಒಬ್ಬನನ್ನು ತಾವು ಗಮನಿಸಬೇಕು ಎಂದು ವಿನಂತಿಸಿಕೊಂಡೆ. ಪತ್ರಕ್ಕೆ ತೂಕ ಬರಲೆಂದು, ಹಿಂದಿನ ಸೀಸನ್ನಿನಲ್ಲಿ ಅವರ ಯಾವ ಆಟಗಾರ ಎಷ್ಟು ಸಲ ಬುಟ್ಟಿಗೆ ಗುರಿ ತಪ್ಪಿದ ಎಂಬ ಪಟ್ಟಿಯನ್ನೂ ಲಗತ್ತಿಸಿದೆ. ಪಟ್ಟಿಯಲ್ಲಿ ಮೊದಲನೆಯ ಹೆಸರು ಕ್ಯಾಪ್ಟನ್ನನದು.

ಹದಿನೇಳನೆಯ ದಿನಕ್ಕೆ ಕಾರ್ಡು ಬಂತು. ಡಿಸೆಂಬರ್ ಒಂಬತ್ತು, ಭಾನುವಾರ ಬರುತ್ತೇವೆ. ಹುಡುಗನನ್ನು ನೋಡುತ್ತೇವೆ, ಒಪ್ಪಿಗೆಯಾದರೆ ಫಾರಂ ಅಲ್ಲೇ ತುಂಬುತ್ತೇವೆ. ಅಂಗಳ ಗಟ್ಟಿಯಾಗಿರಲಿ, ಧೂಳು ಏಳದಿರಲಿ. ಕೊನೆಯಲ್ಲಿ ಒಂದು ಸಾಲು: 'ತಮ್ಮ ಪಟ್ಟಿಯನ್ನು ನಮ್ಮ ಕ್ಯಾಪ್ಟನ್ ಓದಿದ್ದಾರೆ.'

ಗಿರಿಜ ಕಾರ್ಡನ್ನು ಎರಡು ಸಲ ಓದಿ ದೇವರ ಗೂಡಿನಲ್ಲಿಟ್ಟಳು. ತಮ್ಮನಿಗೆಂದು ತರೀಕೆರೆಯಿಂದ ದೀಪಾವಳಿಗೆ ತಂದಿದ್ದ ಬಿಳಿ ಕ್ಯಾನ್ವಾಸ್ ಬೂಟುಗಳನ್ನು ತೆಗೆದು ಒರೆಸಿದಳು. ನಾನು ಡೈರಿ ತೆಗೆದು 'ಧೂಳು' ಎಂಬ ಕಾಲಮ್ಮನ್ನು ಹುಡುಕಿದೆ.

ಅಲ್ಲಿ ನನಗೆ ಒಂದು ಮಹತ್ವದ ಸತ್ಯ ಗೋಚರಿಸಿತು. ಕಾರ್ಖಾನೆ ತಂಡ ಸೋತ ಪಂದ್ಯಗಳಲ್ಲಿ ನಾನು ಖುದ್ದಾಗಿ ಹೋಗಿ ನೋಡಿದ್ದು ನಾಲ್ಕು. ನಾಲ್ಕರಲ್ಲೂ 'ಧೂಳು: ಇದೆ' ಎಂದು ಬರೆದಿದ್ದೆ. ಗೆದ್ದ ಎರಡರಲ್ಲೂ 'ಧೂಳು: ಇಲ್ಲ.' ತಂಡದ ಸೋಲಿಗೆ ಕಾರಣ ಧೂಳು! ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ.

ಈ ಸಂಶೋಧನೆಯನ್ನು ಬೆಂಚಿನ ಮೇಲೆ ಕೂತಿದ್ದ ಓಂಕಾರಪ್ಪನವರಿಗೆ ಓದಿ ಹೇಳಿದೆ. ಅವರು ಧಾನ್ಯದ ವ್ಯಾಪಾರಿಗಳು, ನಮ್ಮ ಪಕ್ಕದ ಮನೆಯವರು. ತಂಡದ ಅಭಿಮಾನಿಗಳಲ್ಲಿ ಹಿರಿಯರು, ಅದರ ಗೆಲುವಿನ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲದವರು.

"ಅವು ಎರಡು ಗೆದ್ದಿದ್ದು ಮಳೆ ಬಂದ ದಿನ ಕಣಯ್ಯ. ಎದ್ರು ಪಾರ್ಟಿ ಬಂದೇ ಇರ್ಲಿಲ್ಲ" ಎಂದರು.

ಮಳೆಯ ಕಾಲಮ್ಮು ನನ್ನಲ್ಲಿ ಇರಲಿಲ್ಲ. ಆದ್ದರಿಂದ ಆ ಮಾತನ್ನು ಪರಿಗಣಿಸಲಿಲ್ಲ.

ಆದರೂ ಓಂಕಾರಪ್ಪನವರು ಸ್ಟೇಷನ್ ದಾರಿಯಲ್ಲಿದ್ದ ತಮ್ಮ ಖಾಲಿ ಜಾಗವನ್ನು ಕೊಟ್ಟರು. ಅಂಗಳದ ಕೆಲಸಕ್ಕೆ ನನ್ನ ಮನಸ್ಸಿನಲ್ಲಿದ್ದವರು ಒಬ್ಬರೇ. ಯಗಟಿಯ ಸುತ್ತಮುತ್ತ ರಾಗಿ ಒಕ್ಕುವ ಕಣ ಮಾಡುವುದರಲ್ಲಿ ನಮ್ಮ ಮಾವನನ್ನು ಮೀರಿಸಿದವರಿಲ್ಲ. ನೆಲ ಕೆತ್ತಿ, ನೀರು ಬಿಟ್ಟು, ಕುರಿ ಹಾಯಿಸಿ ತುಳಿಸಿ, ಕಲ್ಲಿನ ಗುಂಡು ಉರುಳಿಸಿ, ಸಗಣಿಯಲ್ಲಿ ಸಾರಿಸಿದರೆಂದರೆ ಅದರ ಮೇಲೆ ಬಿದ್ದ ರಾಗಿ ಕಾಳನ್ನು ಒಂದೊಂದಾಗಿ ಆಯ್ದುಕೊಳ್ಳಬಹುದು. ನವೆಂಬರ್ ಇಪ್ಪತ್ತರಂದು ಅವರು ಮೂವತ್ತೆಂಟು ಕುರಿಗಳೊಂದಿಗೆ ನಡೆದುಕೊಂಡೇ ಬಂದರು. ನಾನು ಕೊಟ್ಟ ಅಳತೆಯನ್ನು ನೋಡಿ, ಇಷ್ಟು ದೊಡ್ಡ ಕಣಕ್ಕೆ ಎಷ್ಟು ಊರಿನ ರಾಗಿ ಬರುತ್ತದೆ ಎಂದು ಕೇಳಿದರು. ಇಲ್ಲಿ ನಿಮ್ಮ ಮಗ ಆಡಿದರೆ ಅವನಿಗೆ ಕೆಲಸ ಸಿಗುತ್ತದೆ ಎಂದೆ. ಆಮೇಲೆ ಅವರು ಏನನ್ನೂ ಕೇಳಲಿಲ್ಲ. ಒಂಬತ್ತು ದಿನ ದುಡಿದರು.

ನವೆಂಬರ್ ಇಪ್ಪತ್ತೊಂಬತ್ತರಂದು ಮೊದಲ ಸಲ ಸಾರಿಸಿದ್ದಾಯಿತು. ಮಾರನೆಯ ದಿನ ಎರಡನೆಯ ಸಲ. ಮಾವ ಕೈ ತೊಳೆದುಕೊಂಡು ಟವೆಲ್ ಕೊಡವಿದರು.

"ಮುಗೀತು ಕಣ್ರೀ ಅಳಿಯಂದ್ರೆ. ಕಣಕ್ಕೆ ಎರಡು ಸಲ ಸಾಕು."

"ಇದು ಬರೀ ಕಣ ಅಲ್ಲ ಮಾವ. ಪಂದ್ಯಕ್ಕೆ ಇನ್ನೂ ಒಂಬತ್ತು ದಿನ ಐತೆ" ಎಂದೆ.

"ಒಣಗೋಕೆ ಬಿಡಿ. ಮೇಲೆ ಮೇಲೆ ಬಳದ್ರೆ ಹೊರಗಡೆ ಒಣಗಿದ್ದಂಗೆ ಕಾಣ್ತದೆ, ಒಳಗಡೆ ಹಂಗೇ ಇರ್ತದೆ."

ಅವರು ಹೇಳಿದ್ದು ಸ್ವಂತ ಅನುಭವದಿಂದ. ನನ್ನಲ್ಲಿ ಅಂಕಿ ಅಂಶ ಇತ್ತು. ದಿನಕ್ಕೊಂದು ಸಲದಂತೆ, ಪಂದ್ಯದ ಬೆಳಗಿನದೂ ಸೇರಿ, ಹನ್ನೊಂದು ಸಲ ಸಾರಿಸಿದೆ. ಕೊನೆಯ ಒಂಬತ್ತು ಸಲಕ್ಕೆ ಮಾವ ಕೈ ಹಾಕಲಿಲ್ಲ. ಬೀದಿಯ ಹೆಂಗಸರನ್ನು ಕರೆದು ನಾನೇ ನಿಂತು ಮಾಡಿಸಿದೆ. ಇಡೀ ಪೇಟೆಯಲ್ಲಿ ಆ ವಾರ ಯಾರ ಮನೆಯ ಮುಂದೆಯೂ ಸಗಣಿ ಸಿಗಲಿಲ್ಲ. ಅಂಗಳ ಮಾತ್ರ ಕನ್ನಡಿಯಂತಾಯಿತು. ಧೂಳು: ಸೊನ್ನೆ. ಕಂಬಗಳು ನೆಟ್ಟಗಿದ್ದವು. ಗಾಡಿ ಚಕ್ರದ ಪಟ್ಟಿಯಿಂದ ಕಮ್ಮಾರ ಬಗ್ಗಿಸಿ ಕೊಟ್ಟ ಎರಡು ರಿಂಗುಗಳು ನೆಲದಿಂದ ಸರಿಯಾಗಿ ಹತ್ತು ಅಡಿ, ಒಂದು ದಾರದೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಸುತ್ತಲ ಗೆರೆಗಳನ್ನು ಗಿರಿಜ ರಂಗೋಲಿ ಪುಡಿಯಲ್ಲಿ ಎಳೆದಳು. ಮಧ್ಯದ ವೃತ್ತ ಖಾಲಿಯಾಗಿ ಕಂಡಿತೆಂದು ಅದರೊಳಗೆ ಎಂಟು ದಳದ ತಾವರೆಯನ್ನೂ ಹಾಕಿದಳು.

ಒಂಬತ್ತನೆಯ ತಾರೀಖು ಮಧ್ಯಾಹ್ನ ಮೂರೂವರೆಗೆ ಕಾರ್ಖಾನೆಯ ವ್ಯಾನು ಬಂತು. ನೋಡಲು ಬಂದಿದ್ದವರು ನಾನೂರ ಹನ್ನೆರಡು ಜನ. ಅಷ್ಟೂ ಜನರ ಚಪ್ಪಲಿಗಳು ಅಂಗಳದ ಆಚೆಗಿದ್ದವು. ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಸಾರಿಸಿದ ಕಣಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯುವವರು ನಮ್ಮ ಕಡೆ ಇಲ್ಲ.

ಕಾರ್ಖಾನೆಯ ಆಟಗಾರರು ಬೂಟು ಬಿಗಿದುಕೊಂಡು ಗೆರೆಯ ಹತ್ತಿರ ಬಂದರು. ಮಾವ ಎದುರಿಗೆ ನಿಂತುಬಿಟ್ಟರು.

"ಕಣಕ್ಕೆ ಮೆಟ್ಟು ಹಾಕ್ಕಂಡು ಇಳೀಬಾರ್ದು ಕಣ್ರಪ್ಪ."

ಬೂಟಿಲ್ಲದೆ ಆಡುವುದು ನಿಯಮದಲ್ಲಿಲ್ಲ ಎಂದ ಕ್ಯಾಪ್ಟನ್. ಅಷ್ಟು ಹೇಳಿ ನನ್ನ ಕಡೆ ತಿರುಗಿ, ಪಟ್ಟಿ ಬರೆದವರು ತಾವೇನೋ ಎಂದು ಕೇಳಿದ. ನಾನು ಕೂಡಲೇ ರಂಗೋಲಿಯ ಕಡೆ ನೋಡಿದೆ. ಜನ ಮಾವನ ಹಿಂದೆ ಸೇರತೊಡಗಿದರು. ಮ್ಯಾನೇಜರು ಗಡಿಯಾರ ನೋಡಿಕೊಂಡರು. ಅವರ ಅಂಗಿಯ ಜೇಬಿನಲ್ಲಿ ಮಡಿಸಿಟ್ಟಿದ್ದ ಫಾರಂ ಅರ್ಧ ಇಂಚು ಹೊರಗೆ ಕಾಣುತ್ತಿತ್ತು.

ಇಂಥ ಸಂದರ್ಭದಲ್ಲೇ ನನ್ನ ತಲೆ ಚೆನ್ನಾಗಿ ಓಡುವುದು. ಬೂಟಿನ ಅಟ್ಟೆಯನ್ನು ನೀರಿನಲ್ಲಿ ತೊಳೆದು ಇಳಿದರೆ ಮೈಲಿಗೆ ಹೋಯಿತಲ್ಲವೇ? ಎರಡು ಕಡೆಯವರೂ ಅರೆಮನಸ್ಸಿನಿಂದ ಒಪ್ಪಿದರು. ಅಂಗಳದ ಅಂಚಿಗೆ ಒಂದು ಅಗಲವಾದ ಬೋಗುಣಿ ಇಡಿಸಿದೆ. ಕಾರ್ಖಾನೆಯ ಐವರು ಒಬ್ಬೊಬ್ಬರಾಗಿ ಅದರಲ್ಲಿ ಬೂಟು ಅದ್ದಿಕೊಂಡು, ನೀರು ತೊಟ್ಟಿಕ್ಕಿಸುತ್ತ ಕಣಕ್ಕೆ ಇಳಿದರು. ರಬ್ಬರ್ ಅಟ್ಟೆ, ನೀರು, ಅಂದೇ ಬೆಳಿಗ್ಗೆ ಬಳಿದ ಹನ್ನೊಂದನೆಯ ಸಗಣಿ. ಈ ಮೂರನ್ನೂ ಒಂದು ಕಡೆ ಸೇರಿಸಿದ ಮೊದಲ ಮನುಷ್ಯ ನಾನೇ ಇರಬೇಕು!

ನಮ್ಮ ಐವರು ಬರಿಗಾಲಿನವರು. ಬಸವರಾಜನ ಬಿಳಿ ಬೂಟುಗಳು ಮನೆಯ ಬಾಗಿಲ ಹತ್ತಿರವೇ ಇದ್ದವು. ಬೆಳಿಗ್ಗೆಯೇ ಅಪ್ಪ ಅವನಿಗೆ ಹೇಳಿದ್ದರಂತೆ: "ಅವ್ರು ಪರಸ್ಥಳದೋರು. ನೀನು ನನ್ನ ಮಗ."

ವಿಸಿಲ್ ಊದಿದ್ದೇ ತಡ, ಕ್ಯಾಪ್ಟನ್ ಚೆಂಡು ಹಿಡಿದು ಎರಡು ಹೆಜ್ಜೆ ಓಡಿದ. ಮೂರನೆಯ ಹೆಜ್ಜೆಯನ್ನು ಕೂತುಕೊಂಡೇ ಹೋದ. ತಾವರೆಯ ಮೂರು ದಳ ಅವನ ಚಡ್ಡಿಗೆ ಅಂಟಿತು. ಜನ ನಕ್ಕರು. ನಾನು ಹೊಸ ಕಾಲಮ್ಮು ತೆರೆದು 'ಬಿದ್ದವರು' ಎಂದು ಬರೆದೆ. ಅದು ಬೇಗ ಬೇಗ ತುಂಬತೊಡಗಿತು. ಅವರು ನಿಲ್ಲಲು ಹೋದರೆ ಜಾರಿದರು, ತಿರುಗಲು ಹೋದರೆ ಜಾರಿದರು. ಒಬ್ಬ ಜಾರಿಕೊಂಡು ಬಂದು ಓಂಕಾರಪ್ಪನವರ ಮಡಿಲನ್ನೇ ತಲುಪಿದ. ಅವರು ಅವನನ್ನು ಎಬ್ಬಿಸಿ ನಿಲ್ಲಿಸಿ, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿದರು.

ಬಸವರಾಜನ ಕಾಲು ಮಾತ್ರ ನೆಲಕ್ಕೆ ಅಂಟಿದ ಹಾಗಿತ್ತು. ಹುಟ್ಟಿದಾಗಿನಿಂದ ಅಪ್ಪ ಮಾಡಿದ ಕಣದ ಮೇಲೆ ಓಡಾಡಿದವನು. ಹೆಬ್ಬೆರಳು ಊರಿ ತಿರುಗುತ್ತಿದ್ದ, ಹಾಗೇ ಮೇಲಕ್ಕೆ ಹಾರುತ್ತಿದ್ದ. ಅವನು ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಎರಡು, ನಾಲ್ಕು, ಆರು ಎಂದು ಬರೆಯುತ್ತ ಹೋದೆ. ಹದಿನಾಲ್ಕು ಆಯಿತು. ಮ್ಯಾನೇಜರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತರು. ಫಾರಂ ಬಿಡಿಸಿ ತೊಡೆಯ ಮೇಲಿಟ್ಟುಕೊಂಡು ಹೆಸರು ಕೇಳಿದರು, ಹೇಳಿದೆ. ಎತ್ತರ ಕೇಳಿದರು, ಆರಡಿ ಎರಡಿಂಚು ಎಂದೆ. ಎರಡನ್ನೂ ಬರೆದುಕೊಂಡರು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತ ಕೇಳಿದರು.

"ಹುಡುಗನಿಗೆ ಬೂಟು ಹಾಕಿ ಆಡಿ ಅಭ್ಯಾಸ ಇದೆಯೇನ್ರೀ?"

ಇದು ಒಂದು ಪ್ರಶ್ನೆ. ಇದೆ ಸಾರ್ ಎಂದರೆ ಮುಗಿಯುತ್ತಿತ್ತು. ಕಡೂರಿನಲ್ಲಿ ಅವನು ಬೂಟು ಹಾಕಿಯೇ ಆಡಿದ್ದ. ಆದರೆ ನಾನು ಬಾಯಿಮಾತಿನಲ್ಲಿ ಹೇಳುವವನಲ್ಲ, ಪುರಾವೆ ಕೊಡುವವನು! ಮೊದಲರ್ಧಕ್ಕೆ ಇನ್ನೂ ಒಂದು ನಿಮಿಷ ಇರುವಾಗಲೇ ಡೈರಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಓಡಿದೆ. ಹೋಗುತ್ತ ಮುನ್ನೂರ ನಲವತ್ತು ಹೆಜ್ಜೆ, ಬರುತ್ತ ಮುನ್ನೂರ ಹತ್ತು. ಬರುವಾಗ ಉತ್ಸಾಹ ಹೆಚ್ಚಿತ್ತು.

ವಿರಾಮದಲ್ಲಿ ಬಸವರಾಜ ನೀರು ಕುಡಿಯುತ್ತಿದ್ದ. ಬೂಟುಗಳನ್ನು ಅವನ ಮುಂದಿಟ್ಟೆ.

"ಬ್ಯಾಡ ಭಾವ. ಕಾಲು ಚೆನ್ನಾಗಿ ಹಿಡೀತಾ ಐತೆ."

"ಮ್ಯಾನೇಜರು ನೋಡ್ಬೇಕಂತೆ ಕಣೋ. ಫಾರಂ ತೆಗ್ದಿಟ್ಟವ್ರೆ."

ಮ್ಯಾನೇಜರು ಹಾಗೆ ಹೇಳಿರಲಿಲ್ಲ. ಇದನ್ನು ಡೈರಿಯಲ್ಲಿ ಆಮೇಲೆ ಕೆಂಪು ಮಸಿಯಲ್ಲಿ ಬರೆದಿದ್ದೇನೆ. ಬಸವರಾಜ ಅಪ್ಪನ ಕಡೆ ನೋಡಿದ. ಮಾವ ನನ್ನ ಕಡೆ ನೋಡಿದರು. ಕೆಲಸ ಸಿಗಬೇಕಾದರೆ ಇದು ಆಗಲೇಬೇಕು ಮಾವ ಎಂದು ಕೈ ಮುಗಿದೆ. ಅವರು, ಮಗ ಮೆಟ್ಟು ಹಾಕಿಕೊಂಡು ಕಣಕ್ಕೆ ಇಳಿಯುವುದನ್ನು ನೋಡಬಾರದೆಂದು ಆ ಕಡೆ ತಿರುಗಿ, ರೈಲು ಹಳಿಯನ್ನು ನೋಡುತ್ತ ನಿಂತರು. ಬೂಟಿನ ಅಟ್ಟೆಯನ್ನು ಬೋಗುಣಿಯಲ್ಲಿ ಅದ್ದಿ ತೊಳೆದು ಕೊಟ್ಟವನೂ ನಾನೇ. ಸರಿಯಾಗಿ ತೊಳೆದೆ. ಎರಡೆರಡು ಸಲ.

ಎರಡನೆಯ ಅರ್ಧ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ. ಬಸವರಾಜ ರಿಂಗಿನ ಕೆಳಗೆ ಹಾರಿ ಇಳಿದ. ಎಡಗಾಲಿನ ಅಡಿಯಲ್ಲಿ ಅಂಗಳ ಒಂದು ಚಾಪೆಯಷ್ಟಗಲ ಹಪ್ಪಳದಂತೆ ಕಿತ್ತುಬಂತು. ಕೆಳಗೆ ಒಣಗದ ಒಂಬತ್ತು ಪದರ ಹಾಗೇ ಹಸಿಯಾಗಿತ್ತು. ಬೂಟು ಒಂದು ಕಡೆ ಹೋಯಿತು, ಮೊಣಕಾಲು ಇನ್ನೊಂದು ಕಡೆ ಹೋಯಿತು. ಒಂದು ಸದ್ದು ಬಂತು. ಮೊದಲು ಜನ ನಕ್ಕರು, ಆವರೆಗೆ ಬಿದ್ದವರಿಗೆಲ್ಲ ನಕ್ಕಿದ್ದರಲ್ಲ. ಆಮೇಲೆ ನಗು ಒಂದೊಂದು ಕಡೆಯಿಂದ ನಿಂತುಕೊಂಡು ಬಂತು. ಮಾವ ತಿರುಗಿ ನೋಡಲಿಲ್ಲ. ರೈಲು ಹಳಿಯ ಕಡೆಗೇ ಮುಖ ಇಟ್ಟುಕೊಂಡು ಕೇಳಿದರು.

"ಯಾರು ಬಿದ್ದಿದ್ದು?"

ಕ್ಯಾಪ್ಟನ್ ಬಗ್ಗಿ ಬಸವರಾಜನ ಕಾಲು ಹಿಡಿದುಕೊಂಡ.

ಕಾರ್ಖಾನೆಯ ವ್ಯಾನಿನಲ್ಲೇ ಕಡೂರಿಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಅವನ ಕಾಲನ್ನು ತೊಡೆಯ ಮೇಲೆ ಅಲ್ಲಾಡದಂತೆ ಹಿಡಿದುಕೊಂಡಿದ್ದವನು ಆ ಕ್ಯಾಪ್ಟನ್. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ನಾನು ಬರೆದ ಅಂಕಿ ನನಗೆ ನೆನಪಿಗೆ ಬರುತ್ತಲೇ ಇತ್ತು. ಎಕ್ಸ್‌ರೇ ತೆಗೆದು, ತೊಡೆಯಿಂದ ಪಾದದವರೆಗೆ ಸಿಮೆಂಟು ಪಟ್ಟಿ ಹಾಕಿದರು. ಮೊಣಕಾಲು ಮೊದಲಿನಂತೆ ಮಡಿಸಲು ಬರುವುದು ಅನುಮಾನ ಎಂದು ಡಾಕ್ಟರು ನಿಧಾನವಾಗಿ ಹೇಳಿದರು. ಮ್ಯಾನೇಜರು ಫಾರಂ ಅನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಅದರಲ್ಲಿ ಹೆಸರು ಮತ್ತು ಎತ್ತರ ಮಾತ್ರ ತುಂಬಿತ್ತು.

ಮನೆಗೆ ಬಂದ ಮೇಲೆ ಗಿರಿಜ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೂರನೆಯ ದಿನ ನಾನು ವಾಚನಾಲಯಕ್ಕೆ ಹೋದಾಗ, ನಾಲ್ಕು ವರ್ಷದ ಡೈರಿಗಳ ಪೈಕಿ ಆ ವರ್ಷದ್ದನ್ನು ತೆಗೆದು ಓದಿದ್ದಳು. ಸಂಜೆ ಮುದ್ದೆ ಬಡಿಸಿ, ಡೈರಿಯನ್ನು ತಟ್ಟೆಯ ಪಕ್ಕದಲ್ಲಿ ತೆರೆದಿಟ್ಟಳು. ಒಂಬತ್ತನೆಯ ತಾರೀಖಿನ ಪುಟ. ನನ್ನದೇ ದುಂಡು ಅಕ್ಷರ. 'ಮೊದಲರ್ಧ. ಬಿದ್ದವರು: ಬೂಟು ಹಾಕಿದವರು, ಹದಿನೇಳು ಸಲ. ಬರಿಗಾಲಿನವರು, ಸೊನ್ನೆ.'

"ನೀವು ಬರೀತೀರಿ ಕಣ್ರೀ. ಬರ್ದಿದ್ದನ್ನ ಓದಲ್ಲ" ಎಂದಳು. ಸಾರು ಹಾಕಲು ಎದ್ದು ಹೋದಳು.

ವಾಚನಾಲಯದಲ್ಲಿ ಇಷ್ಟು ವರ್ಷ ಕೂತವನಿಗೆ ಇದಕ್ಕಿಂತ ದೊಡ್ಡ ಬಿರುದು ಯಾರು ಕೊಡುತ್ತಾರೆ.

ಕಾರ್ಖಾನೆ ತಂಡ ಬೇರೆ ಯಾರನ್ನೋ ತೆಗೆದುಕೊಂಡು ಸೀಸನ್ ಆಡಿತು. ಎಷ್ಟು ಗೆದ್ದರು, ಎಷ್ಟು ಸೋತರು, ನಾನು ಬರೆಯಲಿಲ್ಲ. ಓಂಕಾರಪ್ಪನವರು ಎರಡು ಸಲ ಹೇಳಲು ಬಂದು, ನನ್ನ ಮುಖ ನೋಡಿ ಪತ್ರಿಕೆಯನ್ನು ಮುಖದ ಮೇಲೆ ಹೊದ್ದುಕೊಂಡರು.

ಅಂಗಳದ ಗತಿಯನ್ನೂ ಹೇಳಬೇಕು. ಎರಡು ವಾರದ ಬಿಸಿಲಿಗೆ ಹನ್ನೊಂದೂ ಪದರ ಒಣಗಿ ಕಲ್ಲಿನಂತಾಯಿತು. ಜನವರಿಯಲ್ಲಿ ಓಂಕಾರಪ್ಪನವರು ಅದರ ಮೇಲೆ ತಮ್ಮ ರಾಗಿ ಹಾಕಿಸಿದರು. ಕಿತ್ತ ಜಾಗವನ್ನು ಮಾವನೇ ಬಂದು ಮುಚ್ಚಿದರು, ಎರಡೇ ಸಲ ಸಾರಿಸಿದರು. ಎತ್ತುಗಳು ಕಲ್ಲಿನ ಗುಂಡು ಎಳೆದುಕೊಂಡು ಸುತ್ತು ಬರುತ್ತಿದ್ದವು. ದಣಿದ ಜೋಡಿಯನ್ನು ರಿಂಗಿನ ಕಂಬಕ್ಕೆ ಕಟ್ಟುತ್ತಿದ್ದರು. ಇಡೀ ಸೀಮೆಯಲ್ಲಿ ಒಂದು ಕಲ್ಲೂ ಬೆರೆಯದ ರಾಗಿ ಆ ವರ್ಷ ಅಲ್ಲಿಯದೇ ಎಂದು ಎಲ್ಲರೂ ಹೊಗಳಿದರು. ಧೂಳು ಸ್ವಲ್ಪವೂ ಏಳಲಿಲ್ಲ.

ಅಂಚಿನಲ್ಲಿ ಹುಲ್ಲಿನ ಹೊರೆಯ ಮೇಲೆ ಬಸವರಾಜ ಕಾಲು ಚಾಚಿಕೊಂಡು ಕೂತಿದ್ದ. ಪಟ್ಟಿ ಬಿಚ್ಚಿಯಾಗಿತ್ತು, ಕಾಲು ಮಡಿಸಲು ಬರುತ್ತಿರಲಿಲ್ಲ. ಮಾರನೆಯ ದಿನ ಅಪ್ಪನ ಜೊತೆ ಯಗಟಿಗೆ ಹೊರಡುವವನಿದ್ದ. ನಾನು ಪಕ್ಕದಲ್ಲಿ ಹೋಗಿ ಕೂತೆ. ಒಂದು ತಿಂಗಳಿನಿಂದ ಅವನಿಗೆ ಹೇಳಬೇಕೆಂದುಕೊಂಡಿದ್ದ ಮಾತು ಅಂದೂ ಬಾಯಿಗೆ ಬರಲಿಲ್ಲ. ಅವನೇ ಮಾತು ತೆಗೆದ.

"ಭಾವ, ಅವತ್ತು ನಂದು ಎಷ್ಟು ಬರ್ದಿದ್ದೀರ?"

ಇದಾದರೂ ನನಗೆ ಗೊತ್ತಿದ್ದ ವಿಷಯ. ಹಳೆಯ ಡೈರಿ ಇನ್ನೂ ಚೀಲದಲ್ಲೇ ಇತ್ತು. ಪುಟ ತೆಗೆಯದೆಯೇ ಹದಿನಾಲ್ಕು ಎಂದೆ.

"ಹದ್ನಾರು."

"ಇಲ್ಲ ಕಣೋ, ಹದಿನಾಲ್ಕು. ಒಂದೊಂದೂ ಬರ್ದಿದ್ದೀನಿ."

"ಕೊನೇ ನಿಮಿಷದಾಗೆ ಒಂದು ಹಾಕ್ದೆ ಭಾವ. ದೂರದಿಂದ. ಎಲ್ಲಾರೂ ಚಪ್ಪಾಳೆ ಹೊಡುದ್ರು, ಅಪ್ಪಾನೂ ಹೊಡುದ್ರು. ನಿಮ್ ಕಡೆ ನೋಡ್ದೆ, ನೀವಿರ್ಲಿಲ್ಲ."

ಎತ್ತುಗಳು ಒಂದು ಸುತ್ತು ಬಂದವು.

ಡೈರಿ ತೆಗೆದೆ. ಹದಿನಾಲ್ಕನ್ನು ಹೊಡೆದು ಹಾಕಿ ಹದಿನಾರು ಎಂದು ಬರೆದೆ. ಬರೆದ ಮೇಲೆ, ಕೈಯ ಅಭ್ಯಾಸ ನೋಡಿ, ಪಕ್ಕದಲ್ಲಿ ತಾರೀಖು ಹಾಕಿ ಸಹಿಯನ್ನೂ ಮಾಡಿದೆ! ಮೊದಲ ಪುಟದ 'ಕಣ್ಣಾರೆ ಕಂಡು' ಎಂಬ ಸಾಲನ್ನು ಏನು ಮಾಡಬೇಕೆಂದು ಮಾತ್ರ ಇನ್ನೂ ತೋಚಿಲ್ಲ. ಅವನು ಹಾಕಿದ ಅತ್ಯುತ್ತಮ ಚೆಂಡು ಬುಟ್ಟಿಗೆ ಬಿದ್ದಾಗ ನಾನು ಹೆಜ್ಜೆ ಎಣಿಸುತ್ತ ಬೂಟು ತರಲು ಹೋಗಿದ್ದೆ.